ಔಷಧವೂ ಪ್ರಸಾದವೇ

ಲಿಂಗಕ್ಕೆ ಅರ್ಪಿಸದೆ ಹನಿ ನೀರನ್ನೂ ಸೇವಿಸಬಾರದೆಂಬುದು ವೀರಶೈವರ ನೇಮ. ಅರ್ಪಿತವಾದುದು ಪ್ರಸಾದ, ಅದನ್ನು ಅಲ್ಲಗಳೆಯುವ ಅಧಿಕಾರ ಭಕ್ತನಿಗಿಲ್ಲ. ಈ ತತ್ತ್ವವು ಅನ್ನಕ್ಕೆ ಸಲ್ಲುವಂತೆ ಔಷಧಕ್ಕೂ ಸಲ್ಲುವುದೆಂಬುದನ್ನು ನಮ್ಮ ಹಿರಿಯರು ಏಕೋ ಮರೆಯುತ್ತಾರೆ.

ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಮನೆಗಳಲ್ಲಿ ಅರವತ್ತು ದಾಟಿದವರನ್ನು ವಿಚಾರಿಸಿ ನೋಡಿರಿ. ರಕ್ತದೊತ್ತಡದ ಗುಳಿಗೆ ಗೋಡೆಯ ಮಾಡದಲ್ಲಿರುತ್ತದೆ. ಅದನ್ನು ನುಂಗುವುದು ತಲೆ ತಿರುಗಿದ ದಿನ ಮಾತ್ರ. “ಮಸ್ಕಿ ಮಲ್ಲಯ್ಯನ ಗುಡ್ಡ ಏರಿ ಬರ್ತೀನಿ, ನನಗೆಂಥಾ ಬ್ಯಾನಿ?” ಎನ್ನುವವರುಂಟು. ಸೋಮವಾರದ ಉಪವಾಸಕ್ಕೆಂದು ಬಿಡುವವರುಂಟು. ಯುಗಾದಿಯ ಮುನ್ನ ಶ್ರೀಶೈಲಕ್ಕೆ ಪಾದಯಾತ್ರೆ ಹೊರಟಾಗ ಮನೆಯಲ್ಲೇ ಮರೆತು ನಡೆಯುವವರುಂಟು. ಮಗನಿಗೇಕೆ ಖರ್ಚೆಂದು ಒಂದು ಗುಳಿಗೆಯನ್ನು ಎರಡು ದಿನಕ್ಕೆ ಹಂಚುವ ತಾಯಂದಿರನ್ನು ಕಂಡರೆ ಕರುಳು ಚುರುಕೆನ್ನುತ್ತದೆ.

ಒತ್ತಡವು 140/90ನ್ನು ಮೀರಿ ವರ್ಷಗಟ್ಟಲೆ ನಿಂತರೂ ಬಹುಮಂದಿಗೆ ಯಾವ ನೋವೂ ತೋರದು. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಸಿಂಧನೂರಿನ ರೈತನಿಗೆ ಇದನ್ನು ವಿವರಿಸಬೇಕಿಲ್ಲ; ಕಾಲುವೆಯ ಏರಿ ಒಡೆಯುವ ಮುನ್ನ ಕೂಗಿ ಹೇಳುವುದಿಲ್ಲ. ಮಿದುಳು, ಹೃದಯ, ಮೂತ್ರಪಿಂಡಗಳು ಒಳಗೊಳಗೇ ಸವೆದು, ಒಂದು ಮುಂಜಾನೆ ಲಕ್ವ ಹೊಡೆದಾಗ “ನಿನ್ನೆಯವರೆಗೂ ಗಟ್ಟಿಯಾಗಿದ್ದರು” ಎಂದು ಮನೆಯವರು ಮರುಗುವರು. ಗುಳಿಗೆಯು ರೋಗವನ್ನು ಬುಡಸಹಿತ ಕೀಳುವುದಿಲ್ಲ. ತೂಬಿನಂತೆ ಒತ್ತಡವನ್ನು ಹದದಲ್ಲಿಡುವುದು. ಕೆಲವನ್ನು ಒಮ್ಮೆಲೇ ನಿಲ್ಲಿಸಿದರೆ ಒತ್ತಡ ಮೊದಲಿಗಿಂತಲೂ ಏರುವ ಅಪಾಯವುಂಟು.

ದೀರ್ಘಕಾಲದ ರೋಗಗಳಿಗೆ ಔಷಧವನ್ನು ಹೇಳಿದಂತೆ ಸೇವಿಸುವವರು ಮುಂದುವರಿದ ದೇಶಗಳಲ್ಲಿಯೂ ಸುಮಾರು ಅರ್ಧದಷ್ಟೇ ಎಂದು ವಿಶ್ವ ಆರೋಗ್ಯ ಸಂಸ್ಥೆಯು 2003ರಲ್ಲಿ ವರದಿಮಾಡಿತು. ಆದುದರಿಂದ ಇದು ಹಳ್ಳಿಯವರ ಅಜ್ಞಾನವೆಂದು ಜರೆಯುವುದು ಸರಿಯಲ್ಲ. ನೋವಿಲ್ಲದ ರೋಗಕ್ಕೆ ನಿತ್ಯ ಮದ್ದು ನುಂಗುವುದು ಮನುಷ್ಯಸ್ವಭಾವಕ್ಕೇ ಕಠಿಣ. ಆದರೆ ಕಷ್ಟ ಬಂದ ದಿನ ಮಾತ್ರ ಲಿಂಗಪೂಜೆ ಮಾಡುವವನನ್ನು ನಾವು ಭಕ್ತನೆನ್ನುವೆವೆ? ನಿತ್ಯನೇಮ ಬಲ್ಲವರಿಗೆ ಗುಳಿಗೆಯ ನೇಮ ಹೊಸದಲ್ಲ. 12ನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನವರಿದ್ದರು. ವೈದ್ಯವೇ ಅವರ ಕಾಯಕ. ಕಾಯಕವನ್ನು ಗೌರವಿಸುವವರು ವೈದ್ಯನ ಮಾತನ್ನು ಅರ್ಧ ಕೇಳಿ ಅರ್ಧ ಬಿಡುವುದು ಸಲ್ಲದು.

ಗುಳಿಗೆಯನ್ನು ವಿಭೂತಿಯ ಬಳಿಯಲ್ಲೇ ಇಡಿರಿ. ಮುಂಜಾನೆಯ ಗುಳಿಗೆಯಾದರೆ ಪೂಜೆ ಮುಗಿದೊಡನೆ ಲಿಂಗಕ್ಕೆ ಅರ್ಪಿಸಿ ಸೇವಿಸಿರಿ. ಉಪವಾಸ, ಯಾತ್ರೆಗಳಿದ್ದರೆ ವೈದ್ಯರನ್ನು ಮೊದಲೇ ಕೇಳಿರಿ. ಕಾಲು ಬಾತರೆ, ಒಣಕೆಮ್ಮು ಹತ್ತಿದರೆ ತಾವಾಗಿ ನಿಲ್ಲಿಸದೆ ಅವರಿಗೆ ತಿಳಿಸಿರಿ, ಬೇರೆ ಗುಳಿಗೆಗಳುಂಟು. ಖರ್ಚಿನ ಚಿಂತೆಯುಳ್ಳವರಿಗೆ ಸರಕಾರದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಪರೀಕ್ಷೆಯೂ ಗುಳಿಗೆಯೂ ಉಚಿತ. ಓದು ಬಾರದ ಅಜ್ಜನಿಗೆ ಚೀಟಿ ಓದಿ ಗುಳಿಗೆ ಕೈಗಿಡುವ ಮೊಮ್ಮಗಳದೂ ದಾಸೋಹವೇ. ಈ ತಿಂಗಳಿನದು ತೀರುವ ಮುನ್ನ ಹಿರಿಯರನ್ನು ಆಸ್ಪತ್ರೆಗೆ ಕರೆದೊಯ್ಯುವವರು ಯಾರೆಂಬುದನ್ನು ಇಂದೇ ಮನೆಯಲ್ಲಿ ಗೊತ್ತುಮಾಡಿಕೊಳ್ಳಿರಿ.