ಗಾಜಿನ ಕದವೂ ದಯಾಧರ್ಮವೂ

ದಯೆಯೂ ಮೋಹವೂ ಒಂದೇ ಮನೆಯ ಎರಡು ಮಕ್ಕಳಂತೆ ತೋರುವುದುಂಟು. ಒಂದು ಪ್ರಾಣಿಯನ್ನು ಕಂಡು, ಇದು ಸುಖವಾಗಿರಲಿ ಎಂದೆಣಿಸುವುದು ದಯೆಯು. ಇದು ತನ್ನ ಬಳಿಯಲ್ಲಿಯೇ ಇರಲಿ ಎಂದೆಣಿಸುವುದು ಮೋಹವು. ಈ ಎರಡು ಎಣಿಕೆಗಳೂ ಒಂದೇ ಮನಸ್ಸಿನಲ್ಲಿ ಒಟ್ಟಿಗೆ ಹುಟ್ಟುವುದರಿಂದ, ಯಾವುದು ಯಾವುದೆಂದು ಬೇರ್ಪಡಿಸುವುದು ವಿವೇಕಿಗಳಿಗೂ ಕಷ್ಟವು. ಸರೀಸೃಪಗಳನ್ನು ಗಾಜಿನ ಕದವುಳ್ಳ ಪೆಟ್ಟಿಗೆಗಳಲ್ಲಿ ಇರಿಸಿ ಸಾಕುವ ಹವ್ಯಾಸವು ಈ ಕಷ್ಟವನ್ನು ಚೆನ್ನಾಗಿ ತೋರಿಸಿಕೊಡುವುದು.

ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ ಸೀಮೆಯು ಮಲೆನಾಡೂ ಬಯಲುಸೀಮೆಯೂ ಕೂಡುವ ಎಡೆಯು. ಒಂದು ಕಡೆ ಕಾಡು, ಇನ್ನೊಂದು ಕಡೆ ಬತ್ತದ ಗದ್ದೆ. ಇಂಥಲ್ಲಿ ಹಾವು ಮನುಷ್ಯನ ನೆರೆಯವನೇ ಸರಿ. ಗದ್ದೆಯ ಬದುವಿನಲ್ಲಿ ಇಲಿಗಳನ್ನು ಹಿಡಿಯುವ ಕೇರೆಯು ಕೂಲಿ ಕೇಳದ ಆಳು. ಶ್ರಾವಣದ ಪಂಚಮಿಯಂದು ಹಾಲೆರೆಸಿಕೊಳ್ಳುವ ನಾಗಪ್ಪನು ಮರುದಿನ ಅಂಗಳದಲ್ಲಿ ಕಾಣಿಸಿಕೊಂಡರೆ ಬಡಿಗೆಯ ಪೆಟ್ಟನ್ನೂ ಉಣ್ಣುವುದುಂಟು. ಪೂಜೆ, ಪೆಟ್ಟು ಎಂಬ ಈ ಎರಡು ಬಗೆಗಳೊಡನೆ ಈಗ ಮೂರನೆಯದೊಂದು ಸೇರಿರುವುದು. ಅದು ಪ್ರೀತಿಯಿಂದ ಹಿಡಿದಿಡುವುದು.

ಈ ಸೀಮೆಯ ಒಬ್ಬ ಗೃಹಸ್ಥನು, ನೇಗಿಲ ಮೊನೆ ತಾಗಿ ಗಾಯಗೊಂಡ ಕೇರೆಹಾವೊಂದನ್ನು ಕಂಡು ಮರುಗಿ, ಅದಕ್ಕೊಂದು ಮನೆಯನ್ನು ಕಟ್ಟತೊಡಗಿದನೆಂದು ಭಾವಿಸಬಹುದು. ಆತನು ಹಲಗೆಯ ಪೆಟ್ಟಿಗೆಯೊಂದನ್ನು ಮಾಡಿಸಿ, ತೇವ ಹೀರದಂತೆ ಒಳಮೈಗೆ ವಾರ್ನಿಷು ಬಳಿಸುವನು. ಮುಂಭಾಗದಲ್ಲಿ ಮೇಲೂ ಕೆಳಗೂ ಜೋಡು ತೋಡುಗಳನ್ನು ಕೂಡಿಸುವನು. ಮೇಲಿನ ತೋಡು ಕೆಳಗಿನದಕ್ಕಿಂತ ಆಳವಾಗಿರಬೇಕು. ಗಾಜನ್ನು ಮೊದಲು ಮೇಲಕ್ಕೆ ಸೇರಿಸಿ ಬಳಿಕ ಕೆಳಗಿಳಿಸಿದರೆ ಅದು ತನ್ನ ಭಾರದಿಂದಲೇ ನಿಲ್ಲುವುದು. ಎರಡು ಗಾಜುಗಳು ನಡುವೆ ಒಂದಂಗುಲದಷ್ಟು ಒಂದರ ಹಿಂದೊಂದು ಸರಿದು ನಿಲ್ಲಬೇಕು. ಅವುಗಳ ನಡುವಣ ಸಂದು ದೊಡ್ಡದಾದರೆ ಸಣ್ಣ ಹಾವು ಅದರಲ್ಲಿಯೇ ನುಸುಳೀತು. ಕದವು ಮುಂದುಗಡೆ ಇರುವುದಕ್ಕೂ ಕಾರಣವುಂಟು. ಹದ್ದು ಮೇಲಿನಿಂದ ಎರಗುವುದಾದುದರಿಂದ, ಮೇಲಿನಿಂದಿಳಿಯುವ ಕೈಯು ಹಾವನ್ನು ಬೆದರಿಸುವುದು. ಅದರ ಮೈ ತನ್ನ ಕಾವನ್ನು ತಾನೇ ಹುಟ್ಟಿಸಿಕೊಂಡು ಕಾಪಾಡಿಕೊಳ್ಳಲಾರದು. ಹೊರಗಿನ ಬಿಸಿಲು ನೆರಳುಗಳೇ ಅದಕ್ಕೆ ಆಧಾರವು. ಆದುದರಿಂದ ಪೆಟ್ಟಿಗೆಯ ಒಂದು ಕೊನೆಯಲ್ಲಿ ಬಿಸಿಯ ದೀಪವಿದ್ದು ಇನ್ನೊಂದು ಕೊನೆಯು ತಂಪಾಗಿರಬೇಕು. ಎರಡು ಕಡೆಗಳಲ್ಲಿಯೂ ಅವಿತುಕೊಳ್ಳುವ ಮರೆಯಿರಬೇಕು. ಗಾಳಿಯು ಒಂದೆಡೆ ಕೆಳಗಿನಿಂದ ಹೊಕ್ಕು ಇನ್ನೊಂದೆಡೆ ಮೇಲಿನಿಂದ ಹೊರಡಬೇಕು.

ಇಷ್ಟನ್ನು ಎಣಿಸಿ ಕಟ್ಟಿದವನನ್ನು ಕ್ರೂರಿಯೆನ್ನಲಾಗದು. ತನ್ನ ಮೈಯಂತಲ್ಲದ ಇನ್ನೊಂದು ಮೈಯ ಬೇಕುಬೇಡಗಳನ್ನು ಆತನು ಅರಿತುಕೊಂಡನು; ಹಾವೆಂದರೆ ಬಡಿಗೆ ಹುಡುಕುವವನಿಗಿಂತ ಆತನು ಎಷ್ಟೋ ಮೇಲಾದವನು. ‘ಇಲ್ಲಿ ಹದ್ದಿನ ಭಯವಿಲ್ಲ, ಮುಂಗುಸಿಯ ಭಯವಿಲ್ಲ, ಹಸಿವೆಯಿಲ್ಲ, ಮನೆಯ ಮಕ್ಕಳ ಅಂಜಿಕೆಯೂ ಹೋಗುವುದು. ಇದರಲ್ಲಿ ತಪ್ಪೇನು?’ ಎಂದು ಆತನು ಕೇಳಿದರೆ ಆ ಪ್ರಶ್ನೆಯನ್ನು ನಕ್ಕು ತಳ್ಳತಕ್ಕುದಲ್ಲ.

ಆದರೆ ಚೆನ್ನಾಗಿ ಸಾಕಬಲ್ಲೆನೆಂಬುದು ಬೇರೆ, ಸಾಕಲು ಹಕ್ಕುಳ್ಳವನೆಂಬುದು ಬೇರೆ. ಗಾಜು ಹೊರಗಿನವನಿಗೆ ಕಿಟಕಿಯು. ಒಳಗಿನದಕ್ಕೆ ಅದು ಕಣ್ಣಿಗೆ ಕಾಣದ ಗೋಡೆಯು. ಆಚೆಯ ಬೆಳಕನ್ನು ಕಂಡು ಹೊರಡಲೆಳಸುವ ಹಾವು ಗಾಜಿಗೆ ಮೂತಿಯನ್ನು ಉಜ್ಜಿ ಉಜ್ಜಿ ಹುಣ್ಣು ಮಾಡಿಕೊಳ್ಳುವುದುಂಟೆಂದು ಸಾಕುವವರೇ ಬಲ್ಲರು. ಗದ್ದೆಯಲ್ಲಿ ಬಿಸಿಲಿಗೂ ನೆರಳಿಗೂ ತಾನೇ ಅಲೆದಾಡುತ್ತಿದ್ದ ಜೀವಕ್ಕೆ ನಾಲ್ಕಡಿಯೊಳಗೆ ಎರಡು ಕೊನೆಗಳನ್ನು ಕೊಟ್ಟು ಲೋಕವನ್ನೇ ಕೊಟ್ಟಂತೆ ತಿಳಿಯುವುದು ಭ್ರಮೆಯು. ಅಭಯವೊಂದನ್ನು ಕೊಟ್ಟು ಉಳಿದೆಲ್ಲವನ್ನೂ ಕಿತ್ತುಕೊಳ್ಳುವುದು ಸೆರೆಮನೆಯ ಧರ್ಮವಲ್ಲದೆ ನೆರೆಮನೆಯ ಧರ್ಮವಲ್ಲ. ಮಕ್ಕಳಾದರೂ ಆ ಪೆಟ್ಟಿಗೆಯಿಂದ ಕಲಿಯುವುದು ಹಾವಿನ ಗುಣವನ್ನಷ್ಟೇ ಅಲ್ಲ. ಮೆಚ್ಚಿದುದನ್ನು ಮುಚ್ಚಿಡಬಹುದೆಂಬ ಪಾಠವನ್ನೂ ಕಲಿಯುವರು.

ನ್ಯಾಯಶಾಸ್ತ್ರವೂ ಈ ಸೂಕ್ಷ್ಮವನ್ನು ಮನಗಂಡಿರುವುದು. 1972ನೆಯ ಇಸವಿಯ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಬೇಟೆಯೆಂಬ ಪದಕ್ಕೆ ಕೊಲ್ಲುವುದೊಂದೇ ಅರ್ಥವಲ್ಲ. ಜೀವಂತವಾಗಿ ಹಿಡಿಯುವುದೂ ಅದರಲ್ಲಿ ಅಡಗಿರುವುದು. ಹಾಲೆರೆದು ಸಾಕುವೆನೆಂದರೂ ಹಿಡಿದವನು ಬೇಟೆಗಾರನೇ ಆಗುವನು. ಸರಕಾರದ ಸ್ವತ್ತೆನಿಸುವ ಅಂಥ ಪ್ರಾಣಿಯು ಹೇಗೆಯೇ ಕೈಸೇರಿದರೂ 48 ತಾಸುಗಳೊಳಗೆ ಸಮೀಪದ ಪೋಲೀಸ್ ಠಾಣೆಗಾಗಲಿ ಅಧಿಕಾರ ಹೊಂದಿದ ಅಧಿಕಾರಿಗಾಗಲಿ ತಿಳಿಸಬೇಕೆಂದೂ ಅದೇ ಕಾಯಿದೆ ವಿಧಿಸಿರುವುದು.

ಹಾಗಾದರೆ ಗಾಜಿನ ಕದದ ಪೆಟ್ಟಿಗೆಯೇ ಅಧರ್ಮವೋ? ಅಹುದೆನ್ನುವುದು ಆತುರದ ಮಾತಾದೀತು. ಪರದೇಶಗಳ ತಳಿಗಳಾಗಿ, ತಲೆಮಾರುಗಳಿಂದ ಮನುಷ್ಯರ ಕೈಯಲ್ಲಿಯೇ ಹುಟ್ಟಿದ ಹಾವು ಹಲ್ಲಿಗಳುಂಟು. ಆಫ್ರಿಕೆಯ ಹೆಬ್ಬಾವೊಂದನ್ನು ಮುಂಡಗೋಡದ ಕಾಡಿನಲ್ಲಿ ಬಿಟ್ಟರೆ ಅದಕ್ಕೂ ಕ್ಷೇಮವಲ್ಲ, ಕಾಡಿಗೂ ಕ್ಷೇಮವಲ್ಲ. ತಂದುದೇ ತಪ್ಪಾಗಿದ್ದರೂ, ತಂದ ಮೇಲೆ ಕೊನೆಯುಸಿರಿನವರೆಗೆ ಚೆನ್ನಾಗಿ ನೋಡಿಕೊಳ್ಳುವುದು ಋಣವು. ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗಳಲ್ಲಿ ಸೇರಿದ ಪರದೇಶದ ಜೀವಿಗಳನ್ನು ಇಟ್ಟುಕೊಂಡವರು ಹೆಸರು ನೋಂದಿಸಬೇಕೆಂದು 2024ರಲ್ಲಿ ನಿಯಮವಾಗಿರುವುದು ಈ ಋಣಕ್ಕೆ ಬರೆದ ಪತ್ರದಂತಿರುವುದು. ಹಾಗೆಯೇ ಗಾಯಗೊಂಡ ಹಾವನ್ನು ಅರಣ್ಯಾಧಿಕಾರಿಗಳ ಮತ್ತು ಪಶುವೈದ್ಯರ ಕೈಗೊಪ್ಪಿಸಿದಾಗ, ಅಲ್ಲಿಯೂ ಒಂದು ಪೆಟ್ಟಿಗೆಯು ಬೇಕೇ ಬೇಕು. ಆ ಪೆಟ್ಟಿಗೆಗೂ ಸರಿಯುವ ಗಾಜು, ಬಿಸಿಯ ದೀಪ, ಅವಿತುಕೊಳ್ಳುವ ಮರೆ ಎಲ್ಲವೂ ಇರಬಹುದು. ಅಲ್ಲಿನ ಭೇದವು ಕಟ್ಟಡದಲ್ಲಿಲ್ಲ, ಕಟ್ಟಿದವನ ಉದ್ದೇಶದಲ್ಲಿರುವುದು. ಒಂದು ತುಂಬಿರಲೆಂದು ಕಟ್ಟಿದುದು, ಇನ್ನೊಂದು ಬರಿದಾಗಲೆಂದು ಕಟ್ಟಿದುದು.

ಆದುದರಿಂದ ದಯೆಯನ್ನೂ ಮೋಹವನ್ನೂ ಬೇರ್ಪಡಿಸಲು ಒಂದು ಒರೆಗಲ್ಲು ದೊರೆತಂತಾಯಿತು. ಕೇರೆಯ ಗಾಯವು ಮಾಯ್ದು, ಬದುವಿನ ಬಳಿ ಅದನ್ನು ಬಿಡುವ ದಿನ ಬಂದಾಗ ಆ ಗೃಹಸ್ಥನ ಮನಸ್ಸು ಏನೆನ್ನುವುದೋ ಅದೇ ಉತ್ತರವು. ಅಗಲಿಕೆಯ ನೋವು ತಪ್ಪಲ್ಲ. ಪ್ರೀತಿಯಿದ್ದಲ್ಲಿ ಅದು ಇದ್ದೇ ಇರುವುದು. ಆ ನೋವಿಗಂಜಿ ಕದವನ್ನು ಸರಿಸದಿರುವುದು ತಪ್ಪು. ಗಾಜಿನ ಕದಕ್ಕೆ ಹಿಡಿಯಿರುವುದು ಹೊರಗಡೆಯಲ್ಲಿ ಮಾತ್ರವಷ್ಟೆ. ಒಳಗಿನ ಜೀವವು ಅದನ್ನು ತೆರೆದುಕೊಳ್ಳಲಾರದು. ಆದಕಾರಣ ಧರ್ಮದ ಹೊಣೆಯೆಲ್ಲವೂ ಹೊರಗೆ ನಿಂತವನದೇ ಆಗಿರುವುದು.