ನೋಡುವವನನ್ನೂ ನೋಡುವವನಿದ್ದಾನೆ



ಕಚೇರಿ, ಕಾಲೇಜುಗಳಲ್ಲಿ ಹಲವರು ಒಂದೇ ಲಿನಕ್ಸ್ ಕಂಪ್ಯೂಟರಿನಲ್ಲಿ ಕೆಲಸ ಮಾಡುವ ವ್ಯವಸ್ಥೆಯಿರುತ್ತದೆ. ಅದನ್ನು ನೋಡಿಕೊಳ್ಳುವವನ ಅಧಿಕಾರ ದೊಡ್ಡದು. ಕಪ್ಪು ಪರದೆಯ ಮೇಲೆ ‘ಡಬ್ಲ್ಯೂ’ ಎಂಬ ಒಂದೇ ಅಕ್ಷರ ಟೈಪ್ ಮಾಡಿದರೆ ಸಾಕು. ಯಾರು ಒಳಗಿದ್ದಾರೆ, ಎಷ್ಟು ಹೊತ್ತಿಗೆ ಬಂದರು, ಈಗ ಏನು ನಡೆಸುತ್ತಿದ್ದಾರೆ ಎಂಬುದು ಸಾಲಾಗಿ ಮೂಡುತ್ತದೆ. ‘ಲಾಸ್ಟ್’ ಎಂದು ಟೈಪ್ ಮಾಡಿದರೆ ಹಿಂದೆ ಬಂದುಹೋದವರ ಪಟ್ಟಿ ಸಿಗುತ್ತದೆ. ಪ್ರತಿಯೊಬ್ಬನೂ ಕೊಟ್ಟ ಆಜ್ಞೆಗಳು ಸಾಮಾನ್ಯವಾಗಿ ಅವನ ‘ಹಿಸ್ಟರಿ’ ಕಡತದಲ್ಲಿ ಉಳಿದಿರುತ್ತವೆ. ‘ರೂಟ್’ ಎಂಬ ಪೂರ್ಣಾಧಿಕಾರದಿಂದ ಒಳಬಂದವನು ಅದನ್ನೂ ತೆರೆದು ಓದಬಲ್ಲನು.

ನಮ್ಮ ಮನೆಗಳ ಅನೇಕ ಯುವಕ ಯುವತಿಯರು ಇಂತಹ ಉದ್ಯೋಗದಲ್ಲಿದ್ದಾರೆ. ನೋಡಲು ಸಾಧ್ಯವಿರುವುದನ್ನೆಲ್ಲ ನೋಡಬಹುದೇ ಎಂಬ ಪ್ರಶ್ನೆ ಅವರ ಮುಂದಿದೆ.

ಸತ್ಯವಿಶ್ವಾಸಿಗಳು ಹೆಚ್ಚಿನ ಗುಮಾನಿಗಳಿಂದ ದೂರವಿರಬೇಕು, ಪರರ ಗುಟ್ಟುಗಳನ್ನು ಕೆದಕಬಾರದು, ಪರದೂಷಣೆ ಮಾಡಬಾರದು ಎಂದು ಸೂರಃ ಅಲ್ ಹುಜುರಾತ್ ಆಜ್ಞಾಪಿಸುತ್ತದೆ. ಈ ಮೂರೂ ಒಂದರ ಹಿಂದೆ ಒಂದು ಬಂದಿರುವುದನ್ನು ಗಮನಿಸಿರಿ. ಗುಮಾನಿ ಕೆದಕಲು ಪ್ರೇರೇಪಿಸುತ್ತದೆ. ಕೆದಕಿದ್ದು ನಾಲಿಗೆಯ ತುದಿಗೆ ಬರುತ್ತದೆ. ಸಹೋದ್ಯೋಗಿ ರಾತ್ರಿ ಏನು ಮಾಡುತ್ತಿದ್ದನೆಂದು ಇಣುಕಿದವನು ಮರುದಿನ ಕ್ಯಾಂಟೀನಿನಲ್ಲಿ ಅದನ್ನು ಹೇಳದೆ ಇರುವುದು ಕಷ್ಟ.

ಒಮ್ಮೆ ಒಬ್ಬ ವ್ಯಕ್ತಿ ಪ್ರವಾದಿವರ್ಯರ(ಸ) ಕೋಣೆಯೊಳಗೆ ರಂಧ್ರದಿಂದ ಇಣುಕಿದನು. ಪ್ರವಾದಿವರ್ಯರು(ಸ) ಅವನನ್ನು ಕಠಿಣವಾಗಿ ಎಚ್ಚರಿಸಿದರು. ಅನುಮತಿ ಕೇಳಬೇಕೆಂಬ ನಿಯಮವಿರುವುದೇ ಕಣ್ಣಿನ ಕಾರಣಕ್ಕಾಗಿ ಎಂದು ಅವರು ತಿಳಿಸಿದುದು ಬುಖಾರಿ ಮತ್ತು ಮುಸ್ಲಿಮ್‌ಗಳಲ್ಲಿ ವರದಿಯಾಗಿದೆ. ಅಂದು ಗೋಡೆಯಲ್ಲಿ ರಂಧ್ರವಿತ್ತು, ಇಂದು ಪರದೆಯ ಮೇಲೆ ಒಂದಕ್ಷರದ ಆಜ್ಞೆಯಿದೆ. ಕಣ್ಣು ಮಾತ್ರ ಅದೇ ಕಣ್ಣು.

ಹಾಗೆಂದು ಕಾವಲು ಕಾಯುವುದು ತಪ್ಪಲ್ಲ. ಅಪರಿಚಿತನು ನುಸುಳಿದ್ದಾನೆಯೇ, ಯಂತ್ರಕ್ಕೆ ಹೊರೆಯಾಗಿದೆಯೇ ಎಂದು ಪರಿಶೀಲಿಸುವುದು ಒಪ್ಪಿಸಲ್ಪಟ್ಟ ಕರ್ತವ್ಯ, ಅದು ಅಮಾನತ್. ಕರ್ತವ್ಯಕ್ಕೆ ಬೇಕಾದಷ್ಟನ್ನು ನೋಡಿ ಉಳಿದುದಕ್ಕೆ ದೃಷ್ಟಿ ತಗ್ಗಿಸುವುದೂ ಅದೇ ಅಮಾನತ್‌ನ ಭಾಗ. ಮಕ್ಕಳ ಮೇಲೆ ನಿಗಾ ಇಡುವ ತಂದೆ ತಾಯಿಯರಿಗೂ ಇದು ಅನ್ವಯಿಸುತ್ತದೆ. ಕದ್ದು ನೋಡುವ ಬದಲು, ‘ನಾನು ನೋಡುತ್ತಿರುತ್ತೇನೆ ಮಗಾ’ ಎಂದು ಮೊದಲೇ ಹೇಳುವುದು ಲೇಸು.

‘ರೂಟ್’ ಅಧಿಕಾರವುಳ್ಳವನು ಆ ಯಂತ್ರದಲ್ಲಿ ತನ್ನ ಹೆಜ್ಜೆಗುರುತನ್ನು ಅಳಿಸಿಬಿಡಬಹುದು. ಆದರೆ ಕಿರಾಮನ್ ಕಾತಿಬೀನರ ದಾಖಲೆಯಲ್ಲಿ ಯಾವ ಮನುಷ್ಯನಿಗೂ ಅಂತಹ ಅಧಿಕಾರವಿಲ್ಲ. ಗೌರವಾನ್ವಿತರಾದ ಆ ದೇವಚರರು ನಾವು ಮಾಡುವುದನ್ನೆಲ್ಲ ಬಲ್ಲರೆಂದು ಸೂರಃ ಅಲ್ ಇನ್‌ಫಿತಾರ್ ಎಚ್ಚರಿಸುತ್ತದೆ. ಯಂತ್ರದ ದಾಖಲೆಯಲ್ಲಿ ಕೃತ್ಯ ಮಾತ್ರ ಇರುತ್ತದೆ. ಅಲ್ಲಾಹನು ಅದರ ಹಿಂದಿನ ಉದ್ದೇಶವನ್ನೂ ಅರಿಯುತ್ತಾನೆ. ಒಬ್ಬನ ಕುಂದನ್ನು ಕಂಡೂ ಮುಚ್ಚಿಟ್ಟವನ ಕುಂದನ್ನು ಅಲ್ಲಾಹನು ಅಂತ್ಯದಿನ ಮುಚ್ಚಿಡುವನೆಂಬ ಶುಭವಾರ್ತೆಯೂ ಹದೀಸಿನಲ್ಲಿದೆ. ಈಗಾಗಲೇ ಇಣುಕಿದವನಿಗೆ ತೌಬಾದ ಬಾಗಿಲು ತೆರೆದಿದೆ.

ಆದ್ದರಿಂದ ಸಹೋದರರೇ, ಆಜ್ಞೆ ಟೈಪ್ ಮಾಡುವ ಮುನ್ನ ಒಂದು ಕ್ಷಣ ಬೆರಳನ್ನು ತಡೆದು, ‘ಇದು ನನ್ನ ಕರ್ತವ್ಯವೇ, ಕುತೂಹಲವೇ?’ ಎಂದು ಕೇಳಿಕೊಳ್ಳಿರಿ. ಅಲ್ಲಾಹನು ನಮ್ಮ ಕಣ್ಣು, ಕೈ, ನಾಲಿಗೆಗಳನ್ನು ಕಾಪಾಡಲಿ. ಆಮೀನ್.