ಸಾಕ್ಷ್ಯದ ಭಾರವು ಯಾರ ಮೇಲೆ?

ಪರದೇಶದಿಂದ ಅಪ್ಪಣೆಯಿಲ್ಲದೆ ಬಂದು ನೆಲೆಸುವವರನ್ನು ತಡೆಯುವುದಕ್ಕೆ ರಾಜ್ಯ ಸರಕಾರಗಳೇ ಕಾಯಿದೆ ಮಾಡಬೇಕೆಂಬ ಮಾತು ಆಗಾಗ ಕೇಳಿಬರುತ್ತಿರುವುದಷ್ಟೆ. ಬೆಂಗಳೂರಿನ ಕಟ್ಟಡದ ಕೆಲಸಗಳಲ್ಲಿಯೂ ಕೊಡಗಿನ ಕಾಫಿ ತೋಟಗಳಲ್ಲಿಯೂ ದುಡಿಯುವ ಬಂಗಾಳಿ ಮಾತಿನ ಕೂಲಿಗಳನ್ನು ಕಂಡಾಗ ನಮ್ಮಲ್ಲಿಯೂ ಈ ಚರ್ಚೆಯು ಏಳುತ್ತದೆ. ಮನೆಗೆ ಬಾಗಿಲಿರುವಂತೆ ದೇಶಕ್ಕೆ ಗಡಿಯಿರತಕ್ಕದ್ದು. ಬಂದವರಾರೆಂದು ಕೇಳುವ ಅಧಿಕಾರವೂ ದೇಶಕ್ಕುಂಟು. ಇದು ನಿರ್ವಿವಾದವು. ವಿಚಾರ ಮಾಡಬೇಕಾದುದು ಬೇರೊಂದಿದೆ: ಒಬ್ಬನ ವಿಷಯದಲ್ಲಿ ಸಂದೇಹವು ಹುಟ್ಟಿದರೆ, ಅದನ್ನು ಪರಿಹರಿಸುವ ಭಾರವನ್ನು ಯಾರು ಹೊರಬೇಕು?

ನಮ್ಮ ಸಂವಿಧಾನವು ಪೌರತ್ವವನ್ನೂ ಪರದೇಶೀಯರ ಪ್ರವೇಶ ಬಹಿಷ್ಕಾರಗಳನ್ನೂ ಕೇಂದ್ರದ ಪಟ್ಟಿಯಲ್ಲಿ ಇರಿಸಿದೆ. ತಾನು ಪರದೇಶಿಯಲ್ಲವೆಂದು ಸಿದ್ಧಪಡಿಸುವ ಭಾರವನ್ನು 1946ರ ಕಾಯಿದೆಯ 9ನೆಯ ಕಲಮು ಸಂದೇಹಕ್ಕೊಳಗಾದವನ ಮೇಲೆಯೇ ಹೊರಿಸಿತ್ತು. ಅದರ ಸ್ಥಾನದಲ್ಲಿ ಬಂದ 2025ರ ಕಾಯಿದೆಯೂ ಈ ನಿಯಮವನ್ನು ಬಿಟ್ಟಿಲ್ಲ. ಕಳ್ಳತನದ ಆರೋಪ ಹೊತ್ತವನು ಕೂಡ ತಪ್ಪು ರುಜುವಾಗುವ ತನಕ ನಿರಪರಾಧಿಯೇ. ಇಲ್ಲಿ ಮಾತ್ರ ಅದಕ್ಕೆ ವಿಪರೀತವು. ಹುಟ್ಟಿದೂರು ಅವನವನಿಗೇ ಗೊತ್ತಲ್ಲದೆ ಸರಕಾರಕ್ಕೆ ಹೇಗೆ ಗೊತ್ತು ಎಂದು ಕೆಲವರು ಸಮಾಧಾನ ಹೇಳುವರು. ಯುಕ್ತಿಯು ಸರಿಯೆ. ಆದರೆ ತಿಳಿದಿರುವುದು ಬೇರೆ, ಕಾಗದವನ್ನು ತೋರಿಸುವುದು ಬೇರೆ. ಅಸ್ಸಾಮಿನಲ್ಲಿ 2019ರ ಆಗಸ್ಟ್ 31ರಂದು ಪ್ರಕಟವಾದ ಪೌರರ ಪಟ್ಟಿಯಿಂದ 19,06,657 ಮಂದಿ ಹೊರಗುಳಿದರು. ಅವರೆಲ್ಲರೂ ಪರದೇಶಿಗಳೆಂದು ಆ ಪಟ್ಟಿಯೂ ನಿರ್ಣಯಿಸಲಿಲ್ಲ. ಆದರೂ ಸಂದೇಹದ ಹೊರೆಯು ಅಷ್ಟು ಮಂದಿಯ ತಲೆಗೂ ಬಂತು.

ಸಂದೇಹವು ಹುಟ್ಟುವುದಾದರೂ ಯಾವುದರಿಂದ? ಬಹುಮಟ್ಟಿಗೆ ಮಾತಿನಿಂದ, ಉಡುಪಿನಿಂದ, ಬಡತನದಿಂದ. ಪುತ್ತೂರು ತಾಲೂಕಿನ ಈಶ್ವರಮಂಗಲಕ್ಕೆ ಅನತಿದೂರದಲ್ಲಿಯೇ ಕೇರಳದ ಗಡಿಯಿದೆ. 1956ರ ನವೆಂಬರ್ 1ರ ವರೆಗೆ ಕಾಸರಗೋಡು ಸೀಮೆಯೂ ದಕ್ಷಿಣ ಕನ್ನಡ ಜಿಲ್ಲೆಯದೇ ಆಗಿತ್ತು. ಇಂದಿಗೂ ಗಡಿಯ ಎರಡು ಮಗ್ಗುಲಲ್ಲಿ ತುಳು, ಕನ್ನಡ, ಮಲೆಯಾಳಗಳು ಕೇಳಿಬರುತ್ತವೆ. ಮಾತನ್ನು ಕೇಳಿ ಗಡಿಯನ್ನು ಗುರುತಿಸಲಾಗದೆಂಬುದನ್ನು ಇಲ್ಲಿಯವರಿಗೆ ಬೇರೆ ಯಾರೂ ಕಲಿಸಬೇಕಾಗಿಲ್ಲ. ಹಾಗಿರಲು, ಬಂಗಾಳಿಯನ್ನಾಡುವವನು ಕೋಲ್ಕತ್ತೆಯ ಕಡೆಯವನೋ ಢಾಕೆಯ ಕಡೆಯವನೋ ಎಂದು ನಾಲಗೆಯಿಂದಲೇ ತೀರ್ಮಾನಿಸುವುದು ಹೇಗೆ?

ಕಾಗದವಿಲ್ಲದವನ ಗತಿಯೇನೆಂಬುದಕ್ಕೆ ಪುತ್ತೂರು ಸುಳ್ಯಗಳ ರಬ್ಬರು ತೋಟಗಳೇ ಸಾಕ್ಷಿ. ಅಲ್ಲಿ ನೆಲೆಗೊಂಡ ತಮಿಳು ಕುಟುಂಬಗಳ ಹಿರಿಯರು ಸಿಂಹಳ ದ್ವೀಪದ ತೋಟಗಳಲ್ಲಿ ತಲೆಮಾರುಗಳಿಂದ ದುಡಿದವರು. 1948ರ ಅಲ್ಲಿಯ ಪೌರತ್ವದ ಕಾಯಿದೆಯು, ಆ ದ್ವೀಪದಲ್ಲಿ ಹುಟ್ಟಿದವನು ತನ್ನ ತಂದೆಯೂ, ಇಲ್ಲವೆ ಅಜ್ಜ ಮುತ್ತಜ್ಜಂದಿರೂ ಅಲ್ಲಿಯೇ ಹುಟ್ಟಿದರೆಂದು ತೋರಿಸಬೇಕೆಂದು ವಿಧಿಸಿತು. ಕೂಲಿಯ ಲಾಯದಲ್ಲಿ ಹುಟ್ಟಿದವರಿಗೆ ಮುತ್ತಜ್ಜನ ಜನನಪತ್ರವೆಲ್ಲಿಯದು? ಯಾವ ಗಡಿಯನ್ನೂ ದಾಟದೆ ಲಕ್ಷಾಂತರ ಮಂದಿ ದೇಶವಿಲ್ಲದವರಾದರು. 1964ರ ಶಾಸ್ತ್ರಿ-ಸಿರಿಮಾವೊ ಒಪ್ಪಂದದಲ್ಲಿ 5,25,000 ಮಂದಿಯನ್ನು ಭಾರತವು ತನ್ನವರೆಂದು ಸ್ವೀಕರಿಸಲೊಪ್ಪಿತು. ಹಾಗೆ ಮರಳಿ ಬಂದವರಲ್ಲಿ ಕೆಲವರು ನಮ್ಮ ನೆರೆಯವರಾದರು.

ಹಾಗಾದರೆ ರಾಜ್ಯವು ಕೈಕಟ್ಟಿ ಕುಳಿತಿರಬೇಕೆ? ಅಮೇರಿಕದ ಅರಿಜೋನಾ ರಾಜ್ಯದ ಎರಡು ಕಾಯಿದೆಗಳನ್ನು ಹೋಲಿಸಿ ನೋಡಬಹುದು. ಅಕ್ರಮವಾಗಿ ಬಂದವರನ್ನು ತಿಳಿದೂ ಕೆಲಸಕ್ಕಿಟ್ಟುಕೊಂಡ ಧಣಿಯ ಪರವಾನಗಿಯನ್ನು ಕಸಿದುಕೊಳ್ಳುವ 2007ರ ಕಾಯಿದೆಯನ್ನು ಅಲ್ಲಿಯ ಪರಮೋಚ್ಚ ನ್ಯಾಯಸ್ಥಾನವು 2011ರಲ್ಲಿ ಎತ್ತಿಹಿಡಿಯಿತು. ಬಂದವರನ್ನೇ ಅಪರಾಧಿಗಳನ್ನಾಗಿ ಮಾಡುವ 2010ರ ಕಾಯಿದೆಯಲ್ಲಿ ವಿವಾದಕ್ಕೊಳಗಾದ ನಾಲ್ಕು ಕಲಮುಗಳ ಪೈಕಿ ಮೂರನ್ನು 2012ರಲ್ಲಿ ತಳ್ಳಿಹಾಕಿತು. ತಡೆದು ನಿಲ್ಲಿಸಿದವರ ಪೌರತ್ವವನ್ನು ಪೋಲೀಸರು ವಿಚಾರಿಸುವ ಕಲಮೊಂದು ಉಳಿಯಿತು. ಆ ತೀರ್ಪುಗಳು ಅಧಿಕಾರವಿಭಾಗವನ್ನು ನೋಡಿ ಕೊಟ್ಟವು. ಆದರೂ ಅವುಗಳಲ್ಲಿ ನೀತಿಯ ದಾರಿಯೊಂದು ನಮಗೆ ಕಾಣುತ್ತದೆ. ಹೆಸರಿಲ್ಲದ, ದೂರು ಕೊಡಲಾರದ ಆಳು ಅಗ್ಗಕ್ಕೆ ಸಿಕ್ಕುವನೆಂಬ ಲೋಭವೇ ಈ ವ್ಯಾಪಾರದ ಬೇರು. ಅದರಿಂದ ನಮ್ಮ ಊರಿನ ಕೂಲಿಯವನ ಹೊಟ್ಟೆಗೂ ಪೆಟ್ಟು. ಕಾರ್ಮಿಕರ ಯೋಗಕ್ಷೇಮವು ಕೇಂದ್ರ ರಾಜ್ಯಗಳೆರಡಕ್ಕೂ ಅಧಿಕಾರವಿರುವ ಪಟ್ಟಿಯಲ್ಲಿದೆ. ಗುತ್ತಿಗೆದಾರನ ಆಳುಪಟ್ಟಿಯನ್ನು ಪರೀಕ್ಷಿಸಿ, ಎಲ್ಲರಿಗೂ ಒಂದೇ ಕೂಲಿಯನ್ನು ಕೊಡಿಸಿ, ಸುಳ್ಳು ಕಾಗದ ಮಾಡಿಕೊಡುವ ದಳ್ಳಾಳಿಯನ್ನು ದಂಡಿಸಲು ಮೊದಲು ಯತ್ನಿಸಲಿ.

ಆಮೇಲೂ ಸಂದೇಹವುಳಿದರೆ ಕಾಲಾವಕಾಶವನ್ನು ಕೊಟ್ಟು, ವಕೀಲನನ್ನೊದಗಿಸಿ, ಆ ಮನುಷ್ಯನ ಭಾಷೆಯಲ್ಲಿಯೇ ವಿಚಾರಣೆ ನಡೆಯಲಿ. ಪರದೇಶಿಯೆಂದು ಸಿದ್ಧವಾದವನು ಮರ್ಯಾದೆಯಿಂದ ಹಿಂದಿರುಗಲಿ. ಕೇಳುವವನಿಗೆ ಅಧಿಕಾರವಿದೆ, ಕಚೇರಿಯಿದೆ, ದಫ್ತರವಿದೆ. ಉತ್ತರ ಕೊಡಬೇಕಾದವನ ಬಳಿ ಇರುವುದು ಎರಡು ಕೈಗಳು ಮಾತ್ರ. ಭಾರವನ್ನು ಹೊರಿಸುವಾಗ ಈ ಅಂತರವನ್ನು ನೆನೆಯುವ ರಾಜ್ಯವನ್ನೇ ಧರ್ಮರಾಜ್ಯವೆಂದು ಕರೆಯಬಹುದು.